ಕರೆಯದೆ ಬಿಟ್ಟ ಮನೆ

ನಮ್ಮ ಶಾಲೆಗೆ ಎರಡು ಹೊಸ ಕೊಠಡಿ ಮಂಜೂರಾದ ಸುದ್ದಿ ನನಗಿಂತ ಮೊದಲು ಊರಿಗೆ ಗೊತ್ತಾಗಿತ್ತು. ನಾನು ಆ ಶಾಲೆಯ ಮುಖ್ಯಶಿಕ್ಷಕಿ. ಆದರೆ ಶಿಕಾರಿಪುರದಿಂದ ಬಂದ ಬಸ್ಸಿಳಿದು ಊರೊಳಗೆ ಕಾಲಿಡುತ್ತಿದ್ದ ಹಾಗೆ, ಡೈರಿ ಮುಂದೆ ಹಾಲಿನ ಕ್ಯಾನು ಹಿಡಿದು ನಿಂತವರು "ಸ್ವೀಟ್ ಎಲ್ರೀ ಮೇಡಂ?" ಎಂದು ಶುರು ಹಚ್ಚಿಕೊಂಡರು. ಎಂಥ ಸ್ವೀಟು ಎಂದರೆ ನಗುತ್ತಾರೆ. ಮೊಬೈಲು ತೆಗೆದು ನೋಡಿದರೆ, ಶಾಲೆಯ ವಾಟ್ಸಾಪ್ ಗ್ರೂಪಿನಲ್ಲಿ ನಮ್ಮ ಶಾಲಾ ಸಮಿತಿಯ ಅಧ್ಯಕ್ಷರು ಮಂಜೂರಾತಿ ಕಾಗದದ ಫೋಟೋ ಹಾಕಿದ್ದಾರೆ, ಅದರ ಕೆಳಗೆ ಸಾಲಾಗಿ ಕೈಮುಗಿಯುವ ಚಿತ್ರಗಳು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಮೊದಲು ನನಗಲ್ಲವೇನ್ರೀ ಹೇಳಬೇಕಾದದ್ದು ಎಂದು ಅಧ್ಯಕ್ಷರನ್ನು ಫೋನಿನಲ್ಲೇ ಗದರಿಸಿದೆ. ಗದರಿಸಿ ಮುಗಿದ ಮೇಲೆ ಹಳೆಯ ಕೊಠಡಿಯೊಳಗೆ ಹೋಗಿ, ಬಾಗಿಲು ಮುಂದೆ ಮಾಡಿಕೊಂಡು ಅತ್ತುಬಿಟ್ಟೆ. ಸಂತೋಷಕ್ಕೇ ಅತ್ತದ್ದು.

ಅಳುವಂಥ ಕಟ್ಟಡವೇ ಅದು. ಮಣ್ಣಿನ ಗೋಡೆ, ಮಂಗಳೂರು ಹೆಂಚು. ಒಂದು ಗೋಡೆಯ ಬಿರುಕು ಎಷ್ಟು ಅಗಲವಾಗಿತ್ತೆಂದರೆ ಮಕ್ಕಳು ಅದರಲ್ಲಿ ಪೆನ್ಸಿಲು, ರಬ್ಬರು ಇಟ್ಟುಕೊಳ್ಳುತ್ತಿದ್ದವು. ಮಳೆಗಾಲದಲ್ಲಿ ಸೋರುವ ಕಡೆಗೆಲ್ಲ ಬಕೆಟ್ ಇಟ್ಟು, ಉಳಿದ ಜಾಗದಲ್ಲಿ ಒಂದನೇ ತರಗತಿಯಿಂದ ಐದನೇ ತರಗತಿಯವರೆಗೆ ಇಪ್ಪತ್ತಮೂರು ಮಕ್ಕಳನ್ನೂ ಕೂರಿಸುತ್ತಿದ್ದೆವು. ಪಾಠ ಹೇಳುವವರು ಇಬ್ಬರು, ನಾನು ಮತ್ತು ಹೊಸದಾಗಿ ಮದುವೆಯಾದ ಒಬ್ಬ ಎಳೆಯ ಟೀಚರ್. ನಾನು ಸೊರಬದ ಕಡೆಯವಳು. ನನ್ನ "ಎಂಥದು" "ಹೌದನಾ" ಕೇಳಿ ಈ ಊರಿನ ಮಕ್ಕಳು ಬೆನ್ನ ಹಿಂದೆ ಅಣಕಿಸುತ್ತವೆ, ನಾನು ಕೇಳಿಸದವಳ ಹಾಗೆ ಇರುತ್ತೇನೆ.

ಸಂತೋಷ ಒಂದು ತಿಂಗಳೂ ಬಾಳಲಿಲ್ಲ. ಊರವರೆಲ್ಲ ಸೇರಿ ಶಾಲೆಯ ಅಂಗಳದಲ್ಲೇ ಭೂಮಿಪೂಜೆ ಮಾಡಿ, ಮಂಡಕ್ಕಿ ಖಾರ ಹಂಚಿ, ಗ್ರೂಪಿನಲ್ಲಿ ಫೋಟೋ ಹಾಕಿದ್ದೂ ಆಯಿತು. ಆಮೇಲೆ ಮೇಲಿನ ಆಫೀಸಿನಿಂದ ಬಂದ ಸಾಹೇಬರು ಜಾಗವನ್ನೆಲ್ಲ ಅಡ್ಡಾಡಿ ನೋಡಿ, ಹೊಸದನ್ನು ಕಟ್ಟಲು ಬೇರೆ ಜಾಗವೇ ಇಲ್ಲ, ಹಳೆಯದನ್ನು ಕೆಡವಿ ಅಲ್ಲೇ ಕಟ್ಟಬೇಕು ಎಂದರು. ಕಟ್ಟಿ ಮುಗಿಯುವವರೆಗೆ ಮಕ್ಕಳು ಕಾಲುವೆಯಾಚೆಯ ಊರಿನ ಶಾಲೆಗೆ ಹೋಗಲಿ, "ಒಂದೇ ವರ್ಷ ಅಲ್ವೇನ್ರೀ ಮೇಡಂ?" ಎಂದೂ ಸೇರಿಸಿದರು.

ಒಂದು ವರ್ಷ ಎಂದರೆ ಏನು ಅಂತ ನನಗೆ ಗೊತ್ತು. ನಮ್ಮೂರ ತಿರುವಿಗೆ ಆಗಲೇ ಪೇಟೆ ಶಾಲೆಯ ಹಳದಿ ವ್ಯಾನು ಬರುತ್ತಿತ್ತು. ಹೇಗೂ ಊರು ಬಿಟ್ಟು ಹೋಗಬೇಕಾದ ಮಗು ಕಾಲುವೆ ದಂಡೆಯ ಮೇಲೆ ನಡೆದು ಯಾಕೆ ಹೋಗಬೇಕು, ವ್ಯಾನಿನಲ್ಲೇ ಕೂರಲಿ ಎಂದು ತಾಯಂದಿರು ಅಂದುಕೊಳ್ಳುತ್ತಾರೆ. ಅವರದ್ದು ತಪ್ಪೂ ಅಲ್ಲ. ಹಾಗೆ ಹೋದ ಮಕ್ಕಳು ತಿರುಗಿ ಬರುವುದಿಲ್ಲ. ಕೊಠಡಿ ಏಳುತ್ತದೆ, ಬಣ್ಣ ಬಳಿಯುತ್ತಾರೆ, ಒಳಗೆ ಕೂರುವವರು ಇರುವುದಿಲ್ಲ. ಹೀಗೆ ಬೀಗ ಬಿದ್ದ ಒಂದು ಶಾಲೆಯಲ್ಲಿ ನಾನೇ ಹಿಂದೆ ಕೆಲಸ ಮಾಡಿದ್ದೆ. ಆ ಬೀಗದ ಕೈಯನ್ನು ಆಫೀಸಿಗೆ ಒಪ್ಪಿಸಿ ಬಂದವಳೂ ನಾನೇ. ಇನ್ನೊಂದು ಸಲ ಆ ಕೆಲಸ ನನ್ನಿಂದ ಆಗುವುದಿಲ್ಲ ಎಂದು ಸಾಹೇಬರ ಮುಖದ ಮೇಲೇ ಹೇಳಿದೆ. ಪಾಪ, ಒಳ್ಳೆಯ ಮನುಷ್ಯ. "ಹಂಗಾದ್ರೆ ಊರೊಳಗೇ ಗಟ್ಟಿ ಜಾಗ ತೋರ್ಸಿ, ಮಾಲೀಕರ ಒಪ್ಪಿಗೆ ಪತ್ರ ಬರ್ಸಿಕೊಡಿ. ಸೋಮವಾರ ಹತ್ತಕ್ಕೆ ಬರ್ತೀನಿ. ಇಲ್ಲಾಂದ್ರೆ ಮಕ್ಕಳನ್ನ ಕಳಿಸೋ ಆರ್ಡರು ಅವತ್ತೇ ಬರಿಯೋದು" ಎಂದು ಹೇಳಿ ಹೋದರು. ಅದೇ ಸೋಮವಾರ ಊರವರು ಹಳೆಯ ಶಾಲೆಯ ಹೆಂಚು ಇಳಿಸುವುದೆಂದು ಗೊತ್ತು ಮಾಡಿದ್ದರು. ಮಳೆ ಜೋರು ಹಿಡಿಯುವುದರೊಳಗೆ ಆ ಕೆಲಸ ಮುಗಿಯಬೇಕಿತ್ತು.

ಜಾಗ ಎಲ್ಲಿದೆ? ಸಮುದಾಯ ಭವನದ ತುಂಬ ಗೊಬ್ಬರದ ಚೀಲ. ಗುಡಿಯ ಪೌಳಿಯಲ್ಲಿ ಮಳೆ ಬಂದರೆ ಇರಚಲು ಹೊಡೆಯುತ್ತದೆ. ಎಲ್ಲರ ಬಾಯಲ್ಲೂ ಬಂದದ್ದು ಒಂದೇ ಹೆಸರು, ಕಣದ ಅಜ್ಜಿಯ ಷೆಡ್ಡು.

ಕಣದ ಅಜ್ಜಿ ಎಂದರೆ ಊರ ತುದಿಯಲ್ಲಿ ದೊಡ್ಡ ಕಣ ಇರುವ ಮನೆಯ ಯಜಮಾನಿ. ವಿಭೂತಿ ಹಚ್ಚಿದ ಅಗಲವಾದ ಹಣೆ, ಎತ್ತರದ ಆಳು. ಗಂಡ ಹೋಗಿ ಎಷ್ಟೋ ವರ್ಷವಾಗಿದೆ, ಮಗ ಶಿರಾಳಕೊಪ್ಪದಲ್ಲಿ ಅಂಗಡಿ ಇಟ್ಟಿದ್ದಾನೆ, ವಾರಕ್ಕೊಮ್ಮೆ ಬಂದು ಹೋಗುತ್ತಾನೆ. ಮೆಕ್ಕೆಜೋಳ, ಭತ್ತ ಎಲ್ಲವನ್ನೂ ಅಜ್ಜಿಯೇ ನಿಂತು ಬೆಳೆಸುತ್ತಾರೆ. ಟ್ರ್ಯಾಕ್ಟರಿನವನು ಒಂದು ಸಾಲು ಓರೆ ಹೊಡೆದರೂ ಬೈದು ಮತ್ತೆ ಹೊಡೆಸುವ ಹೆಂಗಸು. ಜೋಳ ಹಾಕಲೆಂದು ಕಣದಲ್ಲಿ ತಗಡಿನ ದೊಡ್ಡ ಷೆಡ್ಡು ಕಟ್ಟಿಸಿದ್ದರು. ಸಿಮೆಂಟಿನ ನೆಲ, ಪಕ್ಕದಲ್ಲೇ ಬೋರಿನ ನೀರು, ಪಾಯಖಾನೆ. ಜೋಳ ಮಾರಿದ ಮೇಲೆ ಮುಂದಿನ ಸುಗ್ಗಿಯವರೆಗೆ ಅದು ಖಾಲಿ. ಅಷ್ಟೇ ಅಲ್ಲ, ನಮ್ಮ ಶಾಲೆ ನಿಂತ ನೆಲವನ್ನು ಊರಿಗೆ ಬಿಟ್ಟುಕೊಟ್ಟವರೇ ಈ ಅಜ್ಜಿಯ ಗಂಡ. ಕೊಡದೆ ಏನು ಮಾಡ್ತಾರೆ ಎಂದು ನಾನು ನಿಶ್ಚಿಂತೆಯಾಗಿದ್ದೆ. ಕೇಳಲು ಹೋದ ಅಧ್ಯಕ್ಷರು ಮುಖ ಸಣ್ಣದು ಮಾಡಿಕೊಂಡು ಬಂದರು.

"ಅಜ್ಜಿ ಒಲ್ಲೆ ಅಂತು ಮೇಡಂ. ಯಾಕಬೇ ಅಂದ್ರೆ, ನಿಮ್ಮ ಅಕ್ಕೋರನ್ನೇ ಕೇಳ್ರಿ ಅಂತು."

ನನ್ನನ್ನು? ನನಗೆ ತಲೆಬುಡ ತಿಳಿಯಲಿಲ್ಲ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ, ಛತ್ರಿ ಬಿಚ್ಚಿಕೊಂಡು, ಆ ಅಜ್ಜಿಗೆ ನಾಲ್ಕು ಮಾತು ಹೇಳಿಯೇ ಬರುತ್ತೇನೆಂದು ಹೊರಟೆ. ಅಜ್ಜಿ ಜಗಲಿಯ ಮೇಲೆ ಕೂತು ಮೊರದಲ್ಲಿ ಅಲಸಂದೆ ಹಸನು ಮಾಡುತ್ತಿದ್ದರು.

"ಷೆಡ್ಡು ಖಾಲಿ ಉಂಟಲ್ಲ ಅಜ್ಜಿ. ಮಕ್ಕಳು ಕೂತ್ರೆ ನಿಮ್ಮ ಗಂಟೆಂಥದು ಹೋಗ್ತದೆ?" ಎಂದೆ, ಕೂರುವುದಕ್ಕೂ ಮೊದಲೇ.

"ಕುಂದರ್ರಿ ಅಕ್ಕೋರೆ. ಚಾ ಕುಡೀತೀರೇನು?"

"ಚಾ ಬೇಡ. ಯಾಕೆ ಕೊಡಲ್ಲ ಅಂತ ಹೇಳಿ ಸಾಕು."

ಅಜ್ಜಿ ಮೊರ ಕೆಳಗಿಟ್ಟರು. "ಭೂಮಿಪೂಜೆಗೆ ಕರಿಯಾಕೆ ಯಾರ್ಯಾರ ಮನಿಗೆ ಬಂದಿದ್ರಿ?"

ನಾನು ಜಗಲಿಯ ತುದಿಗೆ ಕೂತುಬಿಟ್ಟೆ.

"ಈ ಕಡಿ ಮನಿಗೆ ಬಂದ್ರು. ಆ ಕಡಿ ಮನಿಗೆ ಬಂದ್ರು. ನಡುವೆ ನಾನು ಬಾಗ್ಲಾಗ ಕುಂತಿದ್ದೆ. ನಮ್ಮ ಸಾಲಿ ಪೂಜಿ ಐತಿ, ಕರಿಯಾಕೆ ಬರ್ತಾರ ಅಂತ ಒಗದ ಸೀರಿ ಉಟ್ಕಂಡು ಕುಂತಿದ್ದೆ. ನಿಮ್ಮ ಸಣ್ಣ ಟೀಚರಮ್ಮ ನನ್ನ ಮಾರಿ ನೋಡಿ, ಒಂದು ನಗಿ ನಕ್ಕು, ಮುಂದಿನ ಮನಿಗೆ ಹೋದ್ಳು." ಅಜ್ಜಿಯ ದನಿ ಏರಲಿಲ್ಲ. "ಆ ಗ್ವಾಡಿ ಮಣ್ಣು ಕಲಸಾಕೆ ನೀರು ಹೊತ್ತಾಕಿ ನಾನು. ಆಗಿನ್ನೂ ನನಗ ಮದುವಿ ಆಗಿ ವರ್ಷ ತುಂಬಿರ್ಲಿಲ್ಲ."

ನಾನು ಏನಾದರೂ ಹೇಳಬೇಕಿತ್ತಲ್ಲ, ಹೇಳಿದೆ. "ಅವಳು ಚಿಕ್ಕವಳು ಅಜ್ಜಿ, ಗೊತ್ತಾಗಿರಲಿಕ್ಕಿಲ್ಲ" ಎಂದೆ. ಹೇಳಿ, ಛತ್ರಿ ಬಿಚ್ಚುವುದನ್ನೂ ಮರೆತು ಬಸ್ಸಿಗೆ ನಡೆದೆ.

ನಾನು ಹೇಳಿದ್ದು ಸುಳ್ಳು. ಅದನ್ನು ಇಲ್ಲಿ ಒಪ್ಪಿಕೊಳ್ಳದೆ ಮುಂದಿನದನ್ನು ಬರೆಯಲು ನನಗೆ ಮುಖವಿಲ್ಲ.

ನಮ್ಮ ಕಡೆ ಒಳ್ಳೆಯ ಕೆಲಸಕ್ಕೆ ಕರೆಯುವುದೆಂದರೆ ಫೋನು ಮಾಡುವುದಲ್ಲ. ಗ್ರೂಪಿನಲ್ಲಿ ಹಾಕಿದರೆ ಸುದ್ದಿ ಮುಟ್ಟುತ್ತದೆ, ಕರೆದ ಹಾಗಾಗುವುದಿಲ್ಲ. ತಟ್ಟೆಯಲ್ಲಿ ಕುಂಕುಮದ ಭರಣಿ, ಅಕ್ಷತೆ ಇಟ್ಟುಕೊಂಡು ಮನೆ ಬಾಗಿಲಿಗೆ ಹೋಗಬೇಕು. ಮನೆಯ ಹೆಂಗಸಿಗೆ ಕುಂಕುಮ ಕೊಟ್ಟು, ಕೈಗೆ ಅಕ್ಷತೆ ಹಾಕಿ, ಬರ್ರಿ ಎನ್ನಬೇಕು. ಹೋಗುವವರು ಮುತ್ತೈದೆಯರು, ಕುಂಕುಮ ತೆಗೆದುಕೊಳ್ಳುವವರೂ ಮುತ್ತೈದೆಯರೇ. ಗಂಡ ಇಲ್ಲದವಳು ಒಬ್ಬಳೇ ಇರುವ ಮನೆ ಬಂದರೆ ತಟ್ಟೆ ಹಿಡಿದವರು ಸದ್ದಿಲ್ಲದೆ ಮುಂದೆ ಹೋಗುತ್ತಾರೆ. ಅವರಿಗೆ ಬೇರೆ ಯಾವಾಗಲೋ ಬಾಯಿಮಾತಿನಲ್ಲಿ ಹೇಳಿದರಾಯಿತು ಎಂದು ಲೆಕ್ಕ.

ನನ್ನ ಗಂಡ ತೀರಿಕೊಂಡು ಆರು ವರ್ಷವಾಯಿತು. ಹಾಗಾಗಿ ಭೂಮಿಪೂಜೆಗೆ ಕರೆಯಲು ನಾನು ಹೋಗಲಿಲ್ಲ, ಎಳೆಯ ಟೀಚರನ್ನೂ ಅಧ್ಯಕ್ಷರ ಹೆಂಡತಿಯನ್ನೂ ಕಳಿಸಿದೆ. ಹೊರಡುವಾಗ ಟೀಚರ್ ಕೇಳಿದ್ದಳು, "ಮೇಡಂ, ಕಣದ ಅಜ್ಜಿ ಮನೆಗೆ?" ಎಂದು. "ಬೇಡ, ಆ ಮನೆ ಬಿಡು" ಎಂದವಳು ನಾನೇ. "ಭರಣಿ ಹಿಡಿದುಕೊಂಡು ಅವರ ಮುಂದೆ ಹೋಗಿ ಯಾಕೆ ನೋಯಿಸೋದು, ನಾನು ಆಮೇಲೆ ಹೋಗಿ ಹೇಳ್ತೀನಿ" ಎಂದೆ. ಕರುಣೆಯಿಂದಲೇ ಹೇಳಿದ್ದೆ. ಆಮೇಲೆ ಶಾಮಿಯಾನ, ಪುರೋಹಿತರು, ಮಂಡಕ್ಕಿ ಅಂತ ಓಡಾಡುವುದರಲ್ಲಿ ಅಜ್ಜಿಯ ನೆನಪೇ ಹಾರಿಹೋಯಿತು.

ಭಾನುವಾರವಿಡೀ ಒಂದೇ ನೆನಪು. ನನ್ನವರು ತೀರಿಕೊಂಡ ವರ್ಷವೇ ಪರಿಚಯದವರ ಮನೆಯ ಸೀಮಂತಕ್ಕೆ ಹೋಗಿದ್ದೆ. ಕುಂಕುಮದ ತಟ್ಟೆ ನನ್ನ ಎಡಗಡೆ ಕೂತವಳ ಹತ್ತಿರ ನಿಂತು, ನನ್ನನ್ನು ದಾಟಿ, ಬಲಗಡೆಯವಳ ಹತ್ತಿರ ನಿಂತಿತು. ಯಾರೂ ಕೆಟ್ಟವರಲ್ಲ. ತಟ್ಟೆ ಹಿಡಿದವಳು ನನ್ನ ಮುಖ ನೋಡಿ ಮೆಲ್ಲಗೆ ನಕ್ಕಿದ್ದಳು. ಆ ನಗು ಎಷ್ಟು ಉರಿಯುತ್ತದೆಂದು ಗೊತ್ತಿದ್ದೂ ಗೊತ್ತಿದ್ದೂ ನಾನು ಅದನ್ನೇ ಆ ಅಜ್ಜಿಯ ಬಾಗಿಲಿಗೆ ಕಳಿಸಿದ್ದೆ. ಥೂ, ನನ್ನ ಜನ್ಮಕ್ಕಿಷ್ಟು ಎಂದು ನನ್ನನ್ನೇ ಬೈದುಕೊಂಡೆ.

ಸೋಮವಾರ ಮೊದಲ ಬಸ್ಸಿಗೆ ಹೊರಟೆ. ಚೀಲದಲ್ಲಿ ನಮ್ಮನೆಯ ಹಿತ್ತಾಳೆ ತಟ್ಟೆ, ಅಕ್ಷತೆ, ಎಲೆ ಅಡಿಕೆ, ವಿಭೂತಿ ಇತ್ತು. ಕುಂಕುಮದ ಭರಣಿ ತೆಗೆದುಕೊಳ್ಳಲೋ ಬೇಡವೋ ಎಂದು ಬಾಗಿಲ ತನಕ ಹೋಗಿ ತಿರುಗಿ ಬಂದು, ಅದನ್ನೂ ಇಟ್ಟುಕೊಂಡೆ. ಎಲ್ಲರ ಮನೆಗೆ ಹೋದದ್ದು ಆ ಮನೆಗೂ ಹೋಗಲಿ. ಬಸ್ಸಿನಲ್ಲಿ ಒಂದೇ ಯೋಚನೆ. ಇವತ್ತು ತಟ್ಟೆ ಹಿಡಿದು ಹೋದರೆ ಅಜ್ಜಿ ಏನು ತಿಳಿದಾರು? ಷೆಡ್ಡಿಗಾಗಿ ಬೆಣ್ಣೆ ಹಚ್ಚಲು ಬಂದಳು ಅಂದುಕೊಳ್ಳುತ್ತಾರೆ. ಯಾರೇ ಆದರೂ ಹಾಗೇ ಅಂದುಕೊಳ್ಳುವುದು. ಷೆಡ್ಡಿನ ಮಾತು ಎತ್ತಿದರೆ ಕರೆದದ್ದು ಸುಳ್ಳಾಗುತ್ತದೆ, ಎತ್ತದಿದ್ದರೆ ಶಾಲೆ ಹೋಗುತ್ತದೆ. ಬಸ್ಸಿಳಿಯುವ ಹೊತ್ತಿಗೆ ಗಟ್ಟಿ ಮಾಡಿಕೊಂಡೆ, ಎತ್ತುವುದಿಲ್ಲ.

ಅಜ್ಜಿ ಅಂಗಳಕ್ಕೆ ನೀರು ಹಾಕುತ್ತಿದ್ದರು. ನನ್ನ ಕೈಯ ತಟ್ಟೆ ನೋಡಿ ಚೊಂಬು ಹಿಡಿದ ಕೈ ನಿಂತಿತು.

"ಷೆಡ್ಡಿಗೆ ಬಂದ್ರೇನು ಅಕ್ಕೋರೆ?"

"ಅಲ್ಲ. ಷೆಡ್ಡು ನಿಮ್ಮದು, ನೀವು ಕೊಡೋದೂ ಬೇಡ, ನಾನು ಕೇಳೋದೂ ಇಲ್ಲ. ಇವತ್ತು ಶಾಲೆ ಹೆಂಚು ಇಳಿಸ್ತಾರೆ, ಮೊದಲು ಪೂಜೆ ಆಗ್ತದೆ. ಅದಕ್ಕೆ ಕರೆಯೋಕೆ ಬಂದೆ. ಮತ್ತೆ... ಮೊನ್ನೆ ಸುಳ್ಳು ಹೇಳಿದೆ ಅಜ್ಜಿ. ಟೀಚರಿಗೆ ನಿಮ್ಮ ಮನೆ ಬಿಡು ಅಂತ ಹೇಳಿದ್ದು ನಾನೇ."

ಅಜ್ಜಿ ಚೊಂಬು ಕೆಳಗಿಟ್ಟು ಹತ್ತಿರ ಬಂದರು. ಬೈದಿದ್ದರೆ ಹಗುರವಾಗುತ್ತಿತ್ತು.

"ನೀನೂ ನನ್ನಂಗ ಅದೀಯಲ್ಲವ್ವ," ಎಂದರು, ಮೊದಲ ಸಲ ನನ್ನನ್ನು ಏಕವಚನದಲ್ಲಿ ಕರೆದು. "ನಿನಗೂ ಗೊತ್ತಾಗ್ಲಿಲ್ಲೇನು?"

ಇಡೀ ಶಾಲೆಯನ್ನು ನಡುಗಿಸುವ ನಾನು ಅವರ ಅಂಗಳದಲ್ಲಿ ತಟ್ಟೆ ಹಿಡಿದು ಗೊಳೋ ಎಂದು ಅತ್ತೆ. ಮೂಗು ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಅಜ್ಜಿ ತಮ್ಮ ಸೆರಗಿನಿಂದಲೇ ಒರೆಸಿದರು.

"ಹುಚ್ಚಿ, ಕುಂಕುಮಕ್ಕೆ ಆಸಿ ಪಟ್ಟು ಕುಂತಿರ್ಲಿಲ್ಲ ನಾನು. ಬಾಗ್ಲಿಗೆ ಬಂದು ಬರ್ರಿ ಅಂದಿದ್ರ ಸಾಕಿತ್ತು" ಎಂದು ಭರಣಿ ತೆರೆದು, ಒಂದು ಚಿಟಿಕೆ ಕುಂಕುಮ ತೆಗೆದು ಹೊಸ್ತಿಲಿಗೆ ಹಚ್ಚಿದರು. ಆಮೇಲೆ ವಿಭೂತಿ ತೆಗೆದು ಮೂರು ಬೆರಳಲ್ಲಿ ತಮ್ಮ ಹಣೆಗೆ ಹಚ್ಚಿಕೊಂಡು, ನನ್ನ ಹಣೆಗೂ ಎಳೆದರು. "ಇದಕ್ಕ ಯಾರ ಅಡ್ಡಿ ಐತಿ? ನಡಿ, ಮಾರಿ ತೊಳ್ಕ. ಮಕ್ಳು ನೋಡಿದ್ರ ಹೆದರ್ತಾವು."

ಬರುತ್ತೇನೆ ಅಂತಲೂ ಹೇಳಲಿಲ್ಲ, ಬರುವುದಿಲ್ಲ ಅಂತಲೂ ಹೇಳಲಿಲ್ಲ. ಷೆಡ್ಡಿನ ಬೀಗ ನನ್ನ ಕಣ್ಣೆದುರೇ ತೂಗುತ್ತಿತ್ತು. ನನ್ನ ನಾಲಿಗೆ ಎಷ್ಟು ತುರಿಸಿತೋ ನನಗೇ ಗೊತ್ತು. ಹಲ್ಲು ಕಚ್ಚಿಕೊಂಡು ಶಾಲೆಗೆ ನಡೆದೆ.

ಹತ್ತು ಗಂಟೆಗೆ ಶಾಲೆಯ ಮುಂದೆ ಊರೇ ಸೇರಿತ್ತು. ಏಣಿ ಹಾಕಿದ್ದರು, ಗಂಡಸರು ತಲೆಗೆ ಟವೆಲ್ ಸುತ್ತಿ ಸಜ್ಜಾಗಿದ್ದರು, ಮಕ್ಕಳನ್ನು ಹೆಂಚು ಬೀಳದಷ್ಟು ದೂರ, ಬಾವುಟದ ಕಂಬದ ಹತ್ತಿರ ಸಾಲಾಗಿ ಕೂರಿಸಿದ್ದೆವು. ಸಾಹೇಬರ ಬೈಕು ಹೇಳಿದ ಹೊತ್ತಿಗೆ ಸರಿಯಾಗಿ ಬಂತು. ಅಜ್ಜಿ ಬಂದಿರಲಿಲ್ಲ.

"ಜಾಗ ಆಯ್ತೇನ್ರೀ ಮೇಡಂ?"

ಅಧ್ಯಕ್ಷರು ತಮ್ಮ ಚಪ್ಪಲಿ ನೋಡಿಕೊಂಡರು. "ಇಲ್ಲ ಸರ್" ಎಂದೆ. ಹಿಂದೆ ನಿಂತ ತಾಯಂದಿರಲ್ಲಿ ಒಬ್ಬಳು ವ್ಯಾನಿನವನ ನಂಬರ್ ಇದೆಯಾ ಎಂದು ಇನ್ನೊಬ್ಬಳನ್ನು ಕೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಸಾಹೇಬರು ನಿಟ್ಟುಸಿರು ಬಿಟ್ಟು, ಬ್ಯಾಗಿನಿಂದ ಕಾಗದ ತೆಗೆದು, ಬೈಕಿನ ಸೀಟಿನ ಮೇಲೆ ಇಟ್ಟುಕೊಂಡು ಬರೆಯಲು ಶುರು ಮಾಡಿದರು.

"ಸಾಹೇಬ್ರೆ, ಏನು ಬರಿಯಾಕ ಹತ್ತೀರಿ?"

ಜನ ದಾರಿ ಬಿಟ್ಟರು. ಕಣದ ಅಜ್ಜಿ. ಒಗೆದ ಸೀರೆ, ಹಣೆಯ ತುಂಬ ವಿಭೂತಿ, ಮೊಳಕೈ ತನಕ ಸಗಣಿಯ ಕಲೆ.

"ಮಕ್ಕಳನ್ನ ಪಕ್ಕದ ಊರಿಗೆ ಕಳಿಸೋ ಆರ್ಡರು ಅಜ್ಜಿ."

"ಹೊಡದು ಹಾಕ್ರಿ ಅದನ್ನ. ನನ್ನ ಷೆಡ್ಡು ಸಾರಿಸಾಕ ಇಷ್ಟೊತ್ತಾತು. ಸಿಮೆಂಟಿನ ಮ್ಯಾಲೆ ಸಗಣಿ ಯಾಕಂತೀರೇನು? ಮಕ್ಳು ಕುಂದ್ರೋ ನೆಲ, ಬರೇ ಕಸ ಹೊಡದ್ರ ಮನಸಿಗೆ ಹಿಡಸ್ಲಿಲ್ಲ." ಅಧ್ಯಕ್ಷರ ಕಡೆ ತಿರುಗಿದರು. "ಜೋಳ ಬಂದಾಗ ನಮ್ಮ ಪಡಸಾಲ್ಯಾಗ ಸುರುವ್ತೀನಿ. ಸಾಲಿ ಕಟ್ಟಿ ಮುಗಿಯೋ ತನಕ ಮಕ್ಳು ಅಲ್ಲೇ ಇರ್ಲಿ. ಅಕ್ಕೋರು ಬಾಗ್ಲಿಗೆ ಬಂದು ಕರದಾರ, ಬಂದೀನಿ."

ಸಾಹೇಬರು ನಕ್ಕು, ಬರೆದ ಕಾಗದವನ್ನು ಹರಿದು, ಬೇರೆ ಹಾಳೆ ನನ್ನ ಕೈಗೆ ಕೊಟ್ಟರು. "ನಿಮ್ಮ ಅಕ್ಷರ ಚೆನ್ನಾಗಿದೆ, ನೀವೇ ಬರೀರಿ ಮೇಡಂ. ಒಪ್ಪಿಗೆ ಪತ್ರ. ಮೊದಲು ಮಾಲೀಕರ ಹೆಸರು."

ಬರೆಯಲು ಹೋದೆ, ಪೆನ್ನು ನಿಂತಿತು. ಅಜ್ಜಿಯ ಹೆಸರೇನು?

ಅಧ್ಯಕ್ಷರ ಮುಖ ನೋಡಿದೆ. ಅವರು ತಮ್ಮ ಹೆಂಡತಿಯ ಮುಖ ನೋಡಿದರು. "ಅಜ್ಜಿ... ಕಣದ ಅಜ್ಜಿ ಅಲ್ಲೇನ್ರೀ" ಎಂದರು ಮೆಲ್ಲಗೆ. ಯಾರೋ ಇಂಥವರ ತಾಯಿ ಎಂದು ಬರೀರಿ ಅಂದರು, ಇನ್ನೊಬ್ಬರು ಇಂಥವರ ಹೆಂಡತಿ ಅಂದರು. ಹಾಗೆಲ್ಲ ಬರೆದರೆ ಆಗಲ್ಲ, ಹೆಸರು ಬೇಕು ಎಂದರು ಸಾಹೇಬರು. ಏಣಿಯ ಮೇಲಿದ್ದವನೂ ಕೆಳಗೆ ಬಗ್ಗಿ ನೋಡಿದ. ಆ ಊರಿನ ಸೊಸೆಯಾಗಿ ಬಂದು ಶಾಲೆಯ ಗೋಡೆಗೆ ನೀರು ಹೊತ್ತ ಹೆಂಗಸಿನ ಹೆಸರು ಅಲ್ಲಿ ನಿಂತ ಒಬ್ಬರಿಗೂ ಗೊತ್ತಿರಲಿಲ್ಲ. ಇಷ್ಟು ವರ್ಷ ಆ ಊರಿನ ಮಕ್ಕಳ ಹೆಸರೆಲ್ಲ ದಾಖಲೆಗೆ ಬರೆದ ನನಗೂ ಗೊತ್ತಿರಲಿಲ್ಲ. ತಲೆ ಎತ್ತಿ ಅವರನ್ನು ನೋಡಲು ನಾಚಿಕೆಯಾಯಿತು.

ಅಜ್ಜಿ ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿ ಮುಗಿಸಿದರು. ಆಮೇಲೆ ತಮ್ಮ ಹೆಸರು ಹೇಳಿದರು. ಹೇಳುವಾಗ ಹೊಸ ಸೊಸೆಯ ಹಾಗೆ ಸೆರಗು ಎಳೆದುಕೊಂಡರು. ತವರಿನಲ್ಲಿ ಇಟ್ಟ ಮುದ್ದಾದ ಹೆಸರು. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ, ಆ ಕಾಗದದಲ್ಲಿ ದುಂಡಗೆ ಬರೆದೆ. ಉಳಿದ ಸಾಲುಗಳನ್ನೂ ಬರೆದು ಮುಗಿಸಿ ಅವರ ಮುಂದೆ ಹಿಡಿದೆ. ಅಜ್ಜಿ ಸಗಣಿಯ ಕೈಯನ್ನು ಸೀರೆಗೆ ಒರೆಸಿಕೊಂಡು ಹೆಬ್ಬೆಟ್ಟು ಒತ್ತಿದರು.

"ಈಗ ಓದ್ರಿ ಅಕ್ಕೋರೆ."

"ಇಡೀ ಕಾಗದನಾ ಅಜ್ಜಿ?"

"ಹೆಸರು ಅಷ್ಟು ಓದ್ರಿ ಸಾಕು. ಎಲ್ಲಾರಿಗೂ ಕೇಳಂಗ."

ಓದಿದೆ. ಅರ್ಧ ಹೆಸರು ಬಾಯೊಳಗೇ ಉಳಿಯಿತು. ಅಜ್ಜಿ ಕಿವಿಗೆ ಕೈ ಇಟ್ಟುಕೊಂಡು, ಕೇಳಿಸಲಿಲ್ಲ ಎಂದು ತಲೆಯಾಡಿಸಿದರು. ಉಸಿರು ತೆಗೆದುಕೊಂಡು, ತರಗತಿಯಲ್ಲಿ ಪಾಠ ಓದುವ ದನಿಯಲ್ಲಿ ಇನ್ನೊಮ್ಮೆ ಓದಿದೆ. ಆ ದನಿಯಲ್ಲಿ ನಾನು ಏನು ಓದಿದರೂ ತಿರುಗಿ ಹೇಳಬೇಕೆಂದೇ ನಮ್ಮ ಮಕ್ಕಳಿಗೆ ರೂಢಿ. ಬಾವುಟದ ಕಂಬದ ಹತ್ತಿರ ಕೂತಿದ್ದ ಇಪ್ಪತ್ತಮೂರು ಮಕ್ಕಳೂ ಒಟ್ಟಿಗೆ ಆ ಹೆಸರನ್ನು ಕೂಗಿ ಹೇಳಿದವು.